ಫ್ರಿಜ್ಜಿನ ಚಾವಿ ರಜೆ ಮೇಲಿತ್ತು

ಸಂಪಾದಕರಿಗೆ,

ಲಿವರ್‌ಗೆ ಬರುವ ಹೆಪಟೈಟಿಸ್ ರೋಗದ ಬಗ್ಗೆ ನಡೆದ ಜಾಥಾದ ನಿಮ್ಮ ವರದಿ ಓದಿದೆ. ಫೋಟೋನೂ ನೋಡಿದೆ. ಶಾಲೆ ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ, ಸಾಹೇಬರು ಹಸಿರು ಬಾವುಟ ತೋರಿಸುತ್ತಿದ್ದಾರೆ. 'ಹುಟ್ಟಿದ 24 ತಾಸಿನೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ' ಅಂತ ಬ್ಯಾನರಿನ ಮೇಲೆ ದಪ್ಪ ಅಕ್ಷರ. ಬಹಳ ಸಂತೋಷವಾಯಿತು. ಅದರ ಮುಂದಿನ ರವಿವಾರ ನಾವಿದ್ದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಫ್ರಿಜ್ ಇತ್ತು, ಮಗುನೂ ಇತ್ತು. ಫ್ರಿಜ್ಜಿನ ಚಾವಿ ಮಾತ್ರ ಇರಲಿಲ್ಲ. ಆಸ್ಪತ್ರೆ ಯಾವುದು ಅಂತ ಬರೆಯುವುದಿಲ್ಲ. ಕಾಯಿಲೆ ಬಂದರೆ ನಾಳೆ ಮತ್ತೆ ಅಲ್ಲೇ ಹೋಗಬೇಕಲ್ಲ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಬಸುರಿಯಿದ್ದಾಗ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂತು, ಅಂದರೆ ಮೈಯಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ ಅಂತ. ಜ್ವರವಿಲ್ಲ, ಕಣ್ಣು ಹಳದಿ ಇಲ್ಲ, ಏನೂ ಇಲ್ಲ. ವೈರಸ್ ಜಾಸ್ತಿ ಇದೆ ಅಂತ ಏಳನೇ ತಿಂಗಳಿಂದ ಅದನ್ನು ಕಡಿಮೆ ಮಾಡುವ ಟೆನೊಫೊವಿರ್ ಮಾತ್ರೆ ಕೊಟ್ಟರು. ಆ ಡಾಕ್ಟರು ಬಿಡಿಸಿ ಹೇಳಿದ್ದರು: ದೊಡ್ಡವರಿಗೆ ಈ ಸೋಂಕು ತಗುಲಿದರೆ ಬಹಳ ಜನರಿಗೆ ತಾನೇ ಹೋಗಿಬಿಡುತ್ತದೆ. ಹುಟ್ಟುವಾಗ ತಾಯಿಯಿಂದ ಕೂಸಿಗೆ ತಗುಲಿದರೆ ನೂರಕ್ಕೆ 90 ಮಕ್ಕಳಲ್ಲಿ ಉಳಿದೇ ಬಿಡುತ್ತದೆ, ಮುಂದೆ ಲಿವರ್ ಹಾಳು ಮಾಡುತ್ತದೆ. ಅದಕ್ಕೇ ಹುಟ್ಟಿದ ಕೂಡಲೇ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ ತಡೆಯುವ ಸಿದ್ಧ ರೋಗನಿರೋಧಕದ ಇಂಜೆಕ್ಷನ್. 12 ತಾಸಿನೊಳಗೆ ಆದರೆ ಇನ್ನೂ ಚಲೋ. ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಂಡು ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಶನಿವಾರ ರಾತ್ರಿ 11.40ಕ್ಕೆ ಮೊಮ್ಮಗಳು ಹುಟ್ಟಿದಳು. ಬೆಳಗಾಗುವುದನ್ನೇ ಕಾದು ಚೀಟಿ ತೋರಿಸಿದೆ. "ಇವತ್ತ ರವಿವಾರ ಐತ್ರಿ ಅಜ್ಜಾರ, ಫ್ರಿಜ್ ಚಾವಿ ಇನ್ನೊಬ್ಬ ಸಿಸ್ಟರ್ ಹತ್ರ ಐತಿ, ಸೋಮವಾರ ಹಾಕ್ತೀವಿ" ಅಂದರು. ಫೋನ್ ಮಾಡ್ರಿ ಅಂದೆ. ಅವರದು ಸ್ವಿಚ್ ಆಫ್. ಆಮೇಲೆ ಇನ್ನೊಂದು ನೆಪ: ಒಂದು ಬಾಟಲಿಯಲ್ಲಿ ಹತ್ತು ಮಕ್ಕಳಿಗೆ ಆಗುವಷ್ಟು ಔಷಧ ಇರುತ್ತದೆ, ಒಂದೇ ಕೂಸಿಗೆ ತೆಗೆದರೆ ಉಳಿದದ್ದು ವೇಸ್ಟ್. ತೆರೆದ ಬಾಟಲಿಯನ್ನು ಸರಿಯಾಗಿ ತಣ್ಣಗಿಟ್ಟರೆ 28 ದಿನ ಬಳಸಬಹುದು ಅಂತ ಸರ್ಕಾರದ್ದೇ ನಿಯಮ ಇದೆ. ಇದನ್ನು ನನಗೆ ಸಂಜೆ ಹೇಳಿದವರು ಹೊರಗಿನ ಡಾಕ್ಟರು. ಒಳಗಿನವರಿಗೆ ಯಾರು ಹೇಳಬೇಕೋ.

ಇನ್ನು ಇಮ್ಯುನೊಗ್ಲಾಬ್ಯುಲಿನ್. ಅದು ಅವರಲ್ಲಿ ಇರಲೇ ಇಲ್ಲ. 2018ರಲ್ಲೇ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ, ಈ ಇಂಜೆಕ್ಷನ್ ಎಲ್ಲ ಪುಕ್ಕಟೆ ಅಲ್ವಾ? ನವನಗರದಿಂದ ಹಳೆ ಬಾಗಲಕೋಟೆಗೆ ಆಟೋ, ಅಲ್ಲಿಂದ ವಿದ್ಯಾಗಿರಿಗೆ ಇನ್ನೊಂದು ಆಟೋ, ಐದು ಮೆಡಿಕಲ್ ಶಾಪ್, ಅದರಲ್ಲಿ ಮೂರಕ್ಕೆ ಶಟರ್. ಕಡೆಗೆ ಒಂದು ಕಡೆ ಎರಡೂ ಸಿಕ್ಕವು. ಸಾವಿರಗಟ್ಟಲೆ ಹೋಯಿತು, ಇರಲಿ. ತಣ್ಣಗೆ ಒಯ್ಯಬೇಕಲ್ಲ, ಮನೆಯಿಂದ ಚಹಾದ ಥರ್ಮಾಸ್ ತರಿಸಿ ಸೋಡಾ ಅಂಗಡಿಯಲ್ಲಿ ಐಸ್ ಹಾಕಿಸಿದೆ. "ಐಸ್ ನೇರ ತಾಗಸಬ್ಯಾಡ್ರಿ ಕಾಕಾ, ಹೆಪ್ಪುಗಟ್ಟಿದ್ರ ಕೆಡ್ತದ" ಅಂತ ಅಂಗಡಿ ಹುಡುಗ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟ. ಬಿಚ್ಚುವಾಗ ನೋಡಿದರೆ ನಿಮ್ಮದೇ ಪತ್ರಿಕೆ, ಅದೇ ಜಾಥಾ, ಸಾಹೇಬರ ಬಾವುಟ ಅರ್ಧ ಒದ್ದೆ.

ಸಂಜೆ 6ಕ್ಕೆ ಹೊರಗಿನ ಮಕ್ಕಳ ಡಾಕ್ಟರು ಎರಡೂ ತೊಡೆಗೆ ಹಾಕಿದರು. 18 ತಾಸು ದಾಟಿತ್ತು.

ಇದು ಸಾಲದು ಅಂತ ಮಗಳ ಕೇಸ್ ಪೇಪರ್ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಪಾಸಿಟಿವ್' ಅಂತ ಬರೆದು ಮಂಚಕ್ಕೆ ನೇತುಹಾಕಿದ್ದರು. ಕೂಸು ನೋಡಲು ಬಂದ ಬೀಗರು ಕೂಸಿನ ಮುಖಕ್ಕಿಂತ ಮೊದಲು ಅದನ್ನೇ ಓದಿದರು. ಮನೆಯಲ್ಲಿ ಊಟಕ್ಕೆ ಕೂತಾಗ "ಆಕೀ ತಾಟು ಬ್ಯಾರೆ ಇಡ್ರಿ" ಅಂದರು. ಇದು ರಕ್ತದಿಂದ, ಗಂಡ ಹೆಂಡಿರ ಸಂಬಂಧದಿಂದ, ತಾಯಿಯಿಂದ ಕೂಸಿಗೆ ಹರಡುವ ರೋಗ. ತಾಟಿನಿಂದಲ್ಲ, ಎದೆಹಾಲಿನಿಂದಲೂ ಅಲ್ಲ. ಹಾಗೆ ಅಂದ ಬೀಗರು ಸಂತೆ ದಿನ ಒಂದೇ ಬ್ಲೇಡಿನಲ್ಲಿ ಹತ್ತು ಜನರ ದಾಡಿ ತೆಗೆಯುವವನ ಮುಂದೆ ಕೆನ್ನೆ ಒಡ್ಡಿ ಕೂರುತ್ತಾರೆ. ಅದು ನಡೀತದೆ. ಅಳಿಯ ಒಳ್ಳೆಯವನು, ಪರೀಕ್ಷೆ ಮಾಡಿಸಿಕೊಂಡ, ನೆಗೆಟಿವ್ ಬಂತು, ಮೂರು ಡೋಸಿನಲ್ಲಿ ಮೊದಲನೆಯದು ಹಾಕಿಸಿಕೊಂಡ.

ನಮ್ಮೂರಿನ ಅಧಿಕಾರಿಗಳೇ ಹೀಗೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ನಾವು. ಸೈಟಿನ ಕಾಗದದಲ್ಲಿ ನಮ್ಮಪ್ಪನ ಹೆಸರು ತಪ್ಪು ಬಿದ್ದಿದೆ. ತಿದ್ದಿಸಲು ತಿರುಗಿದ್ದರಲ್ಲೇ ನಾಲ್ಕು ಸಾಹೇಬರು ಬದಲಾದರು, ನಾಲ್ವರೂ ಮೀಟಿಂಗಿನಲ್ಲೇ ಇದ್ದರು. ನಮ್ಮ ಸೆಕ್ಟರಿನ ಬೀದಿ ದೀಪ ಹಗಲು ಉರಿದು ರಾತ್ರಿ ಆರುತ್ತದೆ. ಅವತ್ತು ಥರ್ಮಾಸ್ ಹಿಡಿದು ಕತ್ತಲಲ್ಲಿ ಬರುವಾಗ ನಾಯಿ ಬೆನ್ನು ಹತ್ತಿದ್ದನ್ನು ಬೇರೆ ಬರೆಯುವುದಿಲ್ಲ.

ಸೋಮವಾರ ಆ ಸಿಸ್ಟರ್ ಬಂದು ಚಾವಿ ತಿರುವಿದರು. ಫ್ರಿಜ್ಜಿನಲ್ಲಿ ಲಸಿಕೆ ಸಾಲಾಗಿ ಇತ್ತು, ಪಕ್ಕದಲ್ಲಿ ಯಾರದೋ ಮೊಸರಿನ ಡಬ್ಬಿಯೂ ಇತ್ತು.

ಚಾವಿ ಮನೆಗೆ ಒಯ್ದವರ ಮೇಲೆ ಕ್ರಮ ಆಗಬೇಕು. ಅದು ಆಗದಿದ್ದರೆ ಫ್ರಿಜ್ಜಿಗೆ ಕೀಲಿ ಹಾಕುವುದನ್ನಾದರೂ ಬಿಡಲಿ. ನಮ್ಮಪ್ಪನ ಹೆಸರನ್ನೂ ತಿದ್ದಿಕೊಡಲಿ. ಇದ್ಯಾವುದೂ ಆಗದಿದ್ದರೆ ಮುಂದಿನ ಜಾಥಾ ರವಿವಾರವೇ ಇಟ್ಟುಕೊಳ್ಳಲಿ, ನೋಡೋಣ ಎಷ್ಟು ಸಾಹೇಬರು ಬರುತ್ತಾರೆ.

ಹೆಸರು ಹಾಕಬೇಡಿ, ಬೀಗರು ನಿಮ್ಮ ಪತ್ರಿಕೆಯನ್ನೇ ಓದುತ್ತಾರೆ.

– ಒಬ್ಬ ಅಜ್ಜ, ನವನಗರ, ಬಾಗಲಕೋಟೆ