ಕಂಡಕ್ಟರ್ ಕಾಕಾನ ಗರಡಿಗೆ ಮತ್ತೆ ಸೂರು ಬೇಕು: ದೇಣಿಗೆ ಮನವಿ

ಮುಧೋಳದ ಹಿರಿಯರಿಗೆ, ತಾಯಂದಿರಿಗೆ, ಊರು ಬಿಟ್ಟು ಪುಣೆ, ಬೆಂಗಳೂರು ಸೇರಿರುವ ನಮ್ಮ ಹಳೆಯ ಪೈಲ್ವಾನರಿಗೆ ಗರಡಿಯ ಪಂಚರ ನಮಸ್ಕಾರಗಳು.

ಶ್ರಾವಣದ ಕೊನೆಯ ಶನಿವಾರ ರಾತ್ರಿ ಗರಡಿಯ ಎರಡು ಕಂಬ ಕುಸಿದು, ಸೂರಿನ ಅರ್ಧ ಪತ್ರಾಸು (ತಗಡು) ಅಖಾಡದ ಮೇಲೆ ಬಿತ್ತು. ಹನುಮಪ್ಪನ ದಯೆ, ಒಳಗೆ ಯಾರೂ ಇರಲಿಲ್ಲ. ಬೆಳಗ್ಗೆ ಐದಕ್ಕೆ ಬಿದ್ದಿದ್ದರೆ ಕೆಳಗೆ 27 ಮಕ್ಕಳು ಇರುತ್ತಿದ್ದರು. ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ಆಮೇಲೆ ಮೂರು ದಿನ ಮಳೆ ಬಿಡಲಿಲ್ಲ. ಅಖಾಡದ ಕೆಮ್ಮಣ್ಣು ಅಂಬಲಿಯ ಹಾಗೆ ಹರಿದು ಹೋಯಿತು.

ದೀಪಾವಳಿ ಪಾಡ್ಯಕ್ಕೆ ನಮ್ಮ ಕಂಡಕ್ಟರ್ ಕಾಕಾ ತೀರಿಕೊಂಡು ಒಂದು ವರ್ಷ. ಅವರ ವರ್ಷದ ಪೂಜೆಯನ್ನು ಅವರದೇ ಅಖಾಡದಲ್ಲಿ ಮಾಡಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು. ಈಗ ಅಲ್ಲಿ ನಿಲ್ಲಲೂ ಜಾಗ ಇಲ್ಲ.

ಕಾಕಾ ಯಾರು ಎಂದು ನಿಮಗೆ ಹೇಳಬೇಕಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಅವರ ಬಸ್ಸಿನಲ್ಲಿ ಕೂತು ಶಾಲೆಗೆ ಹೋದವರು. ಬೆಳಗ್ಗೆ ನಾಲ್ಕೂವರೆಗೆ ಗರಡಿಯ ಬೀಗ ತೆಗೆಯೋರು, ಏಳರವರೆಗೆ ಮಣ್ಣಲ್ಲಿ, ಎಂಟಕ್ಕೆ ಡ್ಯೂಟಿ. ಕುಸ್ತಿಯಲ್ಲಿ ಮುರಿದ ಎರಡೂ ಕಿವಿ, ಹೆಗಲಿಗೆ ಚೀಲ, ಬಾಯಲ್ಲಿ ಸೀಟಿ. ಆ ಏಳು ಮತ್ತು ಎಂಟರ ನಡುವೆ ಅವರು ಮಾಡುತ್ತಿದ್ದ ಕೆಲಸ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಅವರ ಹೆಂಡತಿ, ನಮ್ಮ ಕಾಕಿ, ನಸುಕಿನಲ್ಲೇ ಹೊಲಿಗೆ ಕೆಲಸಕ್ಕೆ ಕೂರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಿಗೂ ಎಣ್ಣೆ ಹಚ್ಚಿ, ಬೈತಲೆ ತೆಗೆದು, ರಿಬ್ಬನ್ ಕಟ್ಟಿ ಶಾಲೆಗೆ ಕಳಿಸೋರು ಕಾಕಾನೇ. ಸಂಗ್ರಾಣಿ ಕಲ್ಲು ಎತ್ತುವ ಆ ಕೈಯಲ್ಲಿ ಎರಡೂ ಜಡೆ ಒಂದೇ ಅಳತೆ ಬರುತ್ತಿದ್ದವು. ದೊಡ್ಡ ಮಗಳು ಇವತ್ತಿಗೂ ಅದನ್ನು ಹೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಾಳೆ.

ಆಟ ಅಂದ್ರೆ ಅವರಿಗೆ ಪ್ರಾಣ. ಕಬಡ್ಡಿ, ಖೋ ಖೋ, ರೇಡಿಯೋದಲ್ಲಿ ಹಾಕಿ ಕಾಮೆಂಟರಿ, ಯಾವುದೂ ಬಿಡುತ್ತಿರಲಿಲ್ಲ. 2016ರ ರಿಯೋ ಒಲಿಂಪಿಕ್ಸ್ ಹೊತ್ತಿಗೆ ಮನೆಯ ಟಿವಿಯನ್ನೇ ಗರಡಿಗೆ ತಂದಿಟ್ಟರು. ನೂಲ ಹುಣ್ಣಿಮೆಯ ನಸುಕು, ಮೂರು ಗಂಟೆಯ ಹೊತ್ತು. ಸಾಕ್ಷಿ ಮಲಿಕ್ 0–5ರಿಂದ ಹಿಂದಿದ್ದಳು. ಹುಡುಗರು ಮುಗೀತು ಎಂದು ಎದ್ದರು. ಕಾಕಾ ಏಳಲಿಲ್ಲ. ಅವಳು 8–5ರಿಂದ ಗೆದ್ದು ಕಂಚು ತಗೊಂಡಳು. ಭಾರತದ ಹೆಣ್ಣುಮಗಳೊಬ್ಬಳು ಕುಸ್ತಿಯಲ್ಲಿ ಒಲಿಂಪಿಕ್ ಪದಕ ಗೆದ್ದದ್ದು ಅದೇ ಮೊದಲು. ಅವತ್ತೇ ಬೆಳಗ್ಗೆ ಕಾಕಾ ಕಿರಿಮಗಳನ್ನು ಕೈ ಹಿಡಿದು ಗರಡಿಗೆ ಕರೆತಂದರು. ನಮ್ಮಲ್ಲೇ ಕೆಲವರು, ಹೆಣ್ಣುಮಕ್ಕಳು ಹನುಮಪ್ಪನ ಅಖಾಡಕ್ಕೆ ಇಳಿಯೋದು ಹೇಗೆ ಎಂದು ತಕರಾರು ತೆಗೆದೆವು. "ಹನುಮಪ್ಪ ಸೀತವ್ವನ ಸಲುವಾಗಿ ಸಮುದ್ರ ಜಿಗದಾನ್ರೀ, ಅವನ್ಯಾಕ ಬ್ಯಾಡ ಅಂತಾನ?" ಎಂದರು ಕಾಕಾ. ಯಾರ ಬಾಯಿಂದಲೂ ಮಾತು ಬರಲಿಲ್ಲ. "ಬಾರವ್ವಾ, ಮಣ್ಣು ಮುಟ್ಟಿ ನಮಸ್ಕಾರ ಮಾಡು" ಎಂದು ಮಗಳನ್ನು ಇಳಿಸಿದರು. ಇವತ್ತು 27 ಮಕ್ಕಳಲ್ಲಿ 11 ಜನ ಹುಡುಗಿಯರು.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿದೆ ಅಲ್ವಾ. ಘಟಪ್ರಭೆ ಗರಡಿಯೊಳಗೆ ಎದೆಮಟ್ಟ ನಿಂತಿತ್ತು. ಕಾಕಾ ದಿನವೂ ಹಾಜರಿ ಬರೆಯುತ್ತಿದ್ದ ನೋಟ್‌ಬುಕ್ ನಮ್ಮ ಹತ್ತಿರ ಇದೆ. ಆ ದಿನದ ಸಾಲು ಹೀಗಿದೆ: "ಗರಡ್ಯಾಗ ನೀರು. ತಾಲೀಮು ಗುಡಿ ಕಟ್ಟಿ ಮ್ಯಾಲ. 9 ಮಂದಿ." ಸ್ವಂತ ಮನೆಗೂ ನೀರು ಹೊಕ್ಕಿದ್ದ ದಿನ ಅದು. ನೀರು ಇಳಿದ ಮೇಲೆ ಹೊಳೆಯ ಕರಿ ರಾಡಿಯನ್ನು ಬುಟ್ಟಿಬುಟ್ಟಿ ಹೊತ್ತು ಹಾಕಿದರು. ನಮ್ಮದು ಎರೆಭೂಮಿ, ಅಖಾಡಕ್ಕೆ ಆಗುವ ಮಣ್ಣು ಇಲ್ಲಿ ಸಿಗೋದಿಲ್ಲ. ಖಾನಾಪುರದ ಕಡೆಯಿಂದ ಕೆಮ್ಮಣ್ಣು ತರಿಸಿ, ಜರಡಿ ಹಿಡಿದು, ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ, ಕರ್ಪೂರ, ನಿಂಬೆರಸ ಹಾಕಿ ಹದ ಮಾಡಿದರು. ಆ ಮಣ್ಣಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದವರು ಮರೆಯೋದಿಲ್ಲ. ನಿವೃತ್ತಿಯ ಹಣ ಬಂದಾಗ ಕಾಕಿಯನ್ನು ಕೇಳಿಯೇ ಒಂದು ಪಾಲು ತೆಗೆದು ಹೊಸ ಪತ್ರಾಸು ಹಾಕಿಸಿದ್ದೂ ಅವರೇ.

ಪತ್ರಾಸು ಹೊಸದು, ಕಂಬ ಮಾತ್ರ ಹಳೆಯವು. ಹೊಳೆ ನೀರಲ್ಲಿ ನಿಂತು ಅವುಗಳ ಬುಡಕ್ಕೆ ಹುಳ ಹಿಡಿದಿತ್ತು. ಬದಲಿಸಿರಿ ಎಂದು ಗೌಂಡಿ ಆಗಲೇ ಹೇಳಿದ್ದ. ಹಣ ಸಾಲದೆ ನಾವು ವರ್ಷ ವರ್ಷ ಮುಂದಕ್ಕೆ ಹಾಕಿದೆವು. ಇದು ಪಂಚರಾದ ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಗರಡಿಯ ಗೋಡೆಗೆ ಪೈಲ್ವಾನ್ ಖಾಶಾಬಾ ಜಾಧವ್ ಅವರ ಫೋಟೋ ಇದೆ. ಚೌಕಟ್ಟಿನ ಕೆಳಗೆ ನೆರೆ ನೀರಿನ ಗೆರೆ ಈಗಲೂ ಕಾಣುತ್ತದೆ. ದೇಣಿಗೆ ಕೇಳಲು ಮನೆಮನೆಗೆ ಹೋದಾಗ ಕಾಕಾ ಮೊದಲು ಹೇಳುತ್ತಿದ್ದದ್ದು ಅವರ ಕಥೆ. ನಮ್ಮ ಕೃಷ್ಣೆಯ ಮೇಲ್ದಂಡೆಯ ಕರಾಡದ ಹತ್ತಿರದ ಹಳ್ಳಿಯವರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಕೈಯಲ್ಲಿ ಹಣ ಇರಲಿಲ್ಲ. ಊರವರು ಪಟ್ಟಿ ಎತ್ತಿದರು. ಅವರು ಓದಿದ್ದ ಕೊಲ್ಲಾಪುರದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು ಹಾಗೆ.

ನಮ್ಮ ಗರಡಿಯ ಹುಡುಗರು ಮೈಸೂರು ದಸರಾ ಕುಸ್ತಿಯಲ್ಲಿ ತೊಡೆ ತಟ್ಟಿ ಬಂದಿದ್ದಾರೆ. ಮೂವರು ಸೈನ್ಯದಲ್ಲಿದ್ದಾರೆ, ಒಬ್ಬ ಪೊಲೀಸ್. ಕಳೆದ ವರ್ಷ ಬೆಳ್ಳಿ ಗದೆ ತಂದವನ ತಂದೆ ಕಬ್ಬಿನ ಗ್ಯಾಂಗಿನಲ್ಲಿ ಕಡಿಯುವ ಆಳು. ಆ ಹುಡುಗನ ಹಾಲು, ಬಾದಾಮಿ ಎಲ್ಲ ನಿಮ್ಮ ಊರಿನವರೇ ಕೊಟ್ಟದ್ದು. ಇದನ್ನು ಹೇಳುವಾಗ ನಮಗೆ ಎದೆ ತುಂಬಿ ಬರುತ್ತದೆ.

ಈಗ ಖರ್ಚಿನ ಮಾತು. ಕಬ್ಬಿಣದ ಕಂಬ, ಆಂಗಲ್, ಒಳ್ಳೆಯ ಪತ್ರಾಸು, ಕೂಲಿ ಸೇರಿ ಐದು ಲಕ್ಷದ ಹತ್ತಿರ ಹತ್ತಿರ ಆಗುತ್ತದೆ. ಮಣ್ಣು ಮತ್ತು ಅದರ ಸಾಮಾನಿಗೆ ಇನ್ನೊಂದು 70 ಸಾವಿರ. ಈಗ ದೊಡ್ಡ ಸ್ಪರ್ಧೆಗಳು ಹೆಚ್ಚಾಗಿ ಮ್ಯಾಟ್ ಮೇಲೆ. 12 ಮೀಟರ್ ಚೌಕದ ಮ್ಯಾಟ್ ಬೇಕೆನ್ನುವುದು ಕಾಕಾನ ಕೊನೆಯ ಆಸೆ. ಆದರೆ ಮೊದಲು ಸೂರು, ಮ್ಯಾಟ್ ಆಮೇಲೆ. ಇದುವರೆಗೆ ಕೈಗೆ ಬಂದದ್ದು ಒಂದು ಲಕ್ಷ 40 ಸಾವಿರ.

ದಿನಗಳು ಬಹಳ ಇಲ್ಲ. ದೀಪಾವಳಿ ಆಗುತ್ತಲೇ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಟ್ರ್ಯಾಕ್ಟರ್, ಆಳು ಎಲ್ಲ ಕಬ್ಬಿಗೆ ಹೋಗುತ್ತವೆ, ಬೇಸಿಗೆವರೆಗೂ ನಮ್ಮ ಕೈಗೆ ಸಿಗೋದಿಲ್ಲ. ಗೌಂಡಿ ಮಹಾನವಮಿಯೊಳಗೆ ಮುಂಗಡ ಕೇಳಿದ್ದಾನೆ. ದಯವಿಟ್ಟು ಅಷ್ಟರೊಳಗೆ ನಿಮ್ಮ ಕೈಲಾದಷ್ಟು ಕೊಡಿ. 100 ರೂಪಾಯಿ ಆದರೂ ಸರಿ, ಒಂದು ಪತ್ರಾಸಿನ ಬೆಲೆ ಆದರೂ ಸರಿ, ಎರಡು ದಿನದ ಕೈಗೆಲಸ ಆದರೂ ಸರಿ.

ಕಾಕಾನ ನೋಟ್‌ಬುಕ್‌ನಲ್ಲಿ ಈಗ ಕಿರಿಮಗಳು ಹಾಜರಿ ಬರೆಯುತ್ತಿದ್ದಾಳೆ. ಶ್ರಾವಣದ ಆ ಶನಿವಾರದಿಂದ ಮತ್ತೆ ಅದೇ ಸಾಲು: ತಾಲೀಮು ಗುಡಿ ಕಟ್ಟಿ ಮ್ಯಾಲ. ನೀವು ಅಲ್ಲಿಗೇ ಬನ್ನಿ, ಬೆಳಗ್ಗೆ ಐದರಿಂದ ಏಳರವರೆಗೆ. ರಸೀದಿ ಪುಸ್ತಕ ಕಾಕಿಯ ಹತ್ತಿರ ಇರುತ್ತದೆ.

ನಿಮ್ಮ,
ಗರಡಿಯ ಪಂಚರು, ಮುಧೋಳ