ಇಟಲಿ ಕಂಪನಿ ಕೊಳ್ಳಿ, ಸೆಕೆಂಡ್ಸ್ ಗಾಡಿ ಕೊಳ್ಳೋನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ,

ಟಾಟಾದವ್ರು ಲಾರಿ ಬಸ್ ವ್ಯಾಪಾರನ ಕಾರಿಂದ ಬೇರೆ ಮಾಡಿ 2025ರ ಅಕ್ಟೋಬರಿಂದ ಸಪರೇಟ್ ಕಂಪನಿ ಮಾಡ್ಕೊಂಡಿದ್ದು, ಅದಕ್ಕೂ ಮುಂಚೆ ಜುಲೈಲಿ ಇಟಲಿಯ ಲಾರಿ ಕಂಪನಿ ಇವೆಕೊನ ಡಿಫೆನ್ಸ್ ಭಾಗ ಬಿಟ್ಟು 380 ಕೋಟಿ ಯೂರೋಗೆ ತಗೊಳ್ತೀವಿ ಅಂದಿದ್ದು, ಇದೆಲ್ಲ ಪೇಪರಲ್ಲಿ ಬಂದ್ಮೇಲೆ ಹಾಸನದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಅದೇ ಮಾತು. ಶೇರು ಇರೋರಿಗೆ ಖುಷಿ ಇರ್ಲಿ. ಒಂದೆರಡು ಗಾಡಿ ಇಟ್ಕೊಂಡಿರೋ ನಮ್ಮಂಥೋರ ಲೆಕ್ಕ ಬೇರೆ, ಇದು ಟಾಟಾದವ್ರಿಗೆ ಮಾತ್ರ ಅಲ್ಲ, ಲೇಲ್ಯಾಂಡ್, ಐಷರ್, ಭಾರತ್‌ಬೆಂಜ್ ಎಲ್ರಿಗೂ ಸೇರಿಸಿ ಹೇಳ್ತಿರೋದು.

ಹೊಸ ಲಾರಿ ತಗೊಳ್ಳೋರು ಜಾಸ್ತಿ ದೊಡ್ಡ ಪಾರ್ಟಿಗಳು. ಲೋನ್ ತೀರ್ತಿದ್ದಂಗೆ ಮಾರ್ತಾರೆ, ಆಗ ತಗೊಳ್ಳೋದು ನಾವು, ನಾವು ಕೊಡೋ ರೇಟಲ್ಲೇ ಅವ್ರ ಮುಂದಿನ ಗಾಡಿ ಡೌನ್ ಪೇಮೆಂಟ್ ಹುಟ್ಟೋದು. ಶೋರೂಮಿಗೆ ಕಾಲಿಡದೇ ಇರೋ ನಾವೇ ಹೊಸ ಗಾಡಿ ಸೇಲ್ಸನ್ನ ನಡೆಸ್ತಿದೀವಿ ಅಂದ್ರೂ ತಪ್ಪಿಲ್ಲ. 2020ರ ಏಪ್ರಿಲಿಂದ ಹೊಗೆ ಕಮ್ಮಿ ಮಾಡೋ ಬಿಎಸ್ 6 ರೂಲ್ಸ್ ಬಂತಲ್ಲ, ಆಗ ಮಾರಿದ ಗಾಡಿಗಳು ಈಗ ಸೆಕೆಂಡ್ಸಿಗೆ ಬರ್ತಿವೆ, ಆದ್ರೆ ನಮ್ಮೋರು ಹತ್ರಾನೇ ಹೋಗ್ತಿಲ್ಲ.

ಯಾಕೆ ಅಂತ ಹೇಳ್ತೀನಿ. ನನಗೆ ಗೊತ್ತಿರೋರೊಬ್ರು ಆರು ಚಕ್ರದ ಬಿಎಸ್ 6 ತಗೊಂಡ್ರು, ಯಾವ ಕಂಪನಿ ಅಂತ ಬೇಡ. ಮಂಗ್ಳೂರಿಂದ ಯೂರಿಯಾ ಗೊಬ್ಬರ ತುಂಬ್ಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋವಾಗ ಡ್ಯಾಶ್‌ಬೋರ್ಡಲ್ಲಿ ಲೈಟ್ ಬಂತು, ಪಿಕಪ್ ಹೋಯ್ತು, ಎಷ್ಟು ಒತ್ತಿದ್ರೂ ಗಾಡಿ ತೆವಳೋದೇ. ಲೋಡಲ್ಲೂ ಯೂರಿಯಾ, ಟ್ಯಾಂಕಲ್ಲೂ ಯೂರಿಯಾ ಫುಲ್ ಇದೆ (ಟ್ಯಾಂಕಿಂದು ಬೇರೆ ಥರದ್ದು ಬಿಡಿ, ಹೊಗೆ ಕ್ಲೀನ್ ಮಾಡೋಕೆ ಹಾಕೋದು), ಕೆಟ್ಟಿದ್ದು ಸೈಲೆನ್ಸರ್ ಕಡೆ ಇರೋ ಒಂದು ಸೆನ್ಸರ್ ಅಷ್ಟೇ. ನಮ್ಮ ಬಿ.ಎಂ. ರೋಡಿನ ಮೇಸ್ತ್ರಿ ಇಂಜಿನ್ನೇ ಬಿಚ್ಚಿ ಕೂರಿಸೋ ಗಂಡು, ಆದ್ರೆ ಕಂಪನಿ ಸ್ಕ್ಯಾನರ್ ಇಲ್ದೆ ಎರರ್ ತೆಗೆಯೋಕಾಗ್ಲಿಲ್ಲ. ಕಂಪನಿ ವರ್ಕ್‌ಶಾಪಿಗೆ ಹೋದ್ರೆ ಪಾರ್ಟ್ ಸ್ಟಾಕಿಲ್ಲ, ಬೆಂಗ್ಳೂರಿಂದ ಬರ್ಬೇಕು ಅಂದ್ರು. ಗಾಡಿ ನಿಂತ್ರೂ ಫೈನಾನ್ಸಿನವ್ರು ಕಂತು ಬಿಡ್ತಾರಾ?

ಇದರ ಮೇಲೆ 2025ರ ಸೆಪ್ಟೆಂಬರಲ್ಲಿ ಲಾರಿ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಒಳ್ಳೇದೇ, ಆದ್ರೆ ಹೊಸದು ಅಗ್ಗ ಆದಷ್ಟೂ ಹಳೇದನ್ನ ಕೇಳೋರು ಕಮ್ಮಿ.

ಇದೇ ಟಾಟಾದವ್ರು 2005ರಲ್ಲಿ ಏಸ್ ಅನ್ನೋ ಚಿಕ್ಕ ಲೋಡ್ ಗಾಡಿ ತಂದಾಗ ಹೆಂಗಿದ್ರು ನೋಡಿ. ಮೊದ್ಲು ಆಟೋ ಓಡಿಸೋರ ಹತ್ರ ಹೋಗಿ ಏನ್ ಬೇಕಪ್ಪಾ ಅಂತ ಕೇಳಿ, ಆಮೇಲೆ ಎರಡೇ ಸಿಲಿಂಡರಿನ ಗಾಡಿ ಮಾಡಿ ಸುಮಾರು ಎರಡೂಕಾಲು ಲಕ್ಷಕ್ಕೆ ಕೊಟ್ರು. ಸಕಲೇಶಪುರ, ಮೂಡಿಗೆರೆ ಕಡೆ ಎಸ್ಟೇಟ್ ರೋಡುಗಳಲ್ಲಿ ಇವತ್ತೂ ಕಾಫಿ ಮೂಟೆ ಹೊತ್ಕೊಂಡು ಓಡ್ತಿರೋದು ಅವೇ. ಕೇಳಿ ಮಾಡಿದ್ದಕ್ಕೇ ಅದು ಹಿಟ್ ಆಗಿದ್ದು.

ಈಗ್ಲೂ ಹಂಗೇ ಕೇಳ್ಲಿ. ಸ್ಕ್ಯಾನರನ್ನ ನ್ಯಾಯವಾದ ರೇಟಿಗೆ ಹೊರಗಿನ ಮೆಕ್ಯಾನಿಕ್‌ಗಳಿಗೆ ಕೊಡ್ಲಿ, ಟ್ರೈನಿಂಗ್ ಕೊಡ್ಲಿ, ಸೆನ್ಸರ್ ಥರದ ಪಾರ್ಟ್‌ಗಳು ಜಿಲ್ಲಾ ಊರಲ್ಲೇ ಸಿಗ್ಲಿ, ಎರಡನೇ ಓನರ್‌ಗೂ ದುಡ್ಡು ಕಟ್ಟುಸ್ಕೊಂಡೇ ಒಂದು ವಾರಂಟಿ ಕೊಡ್ಲಿ. ಮಾರ್ಚ್ ಕೊನೇಲಿ ಟಾರ್ಗೆಟ್ ಮುಟ್ಟೋಕೆ ಕೊಡೋ ಡಿಸ್ಕೌಂಟಲ್ಲಿ ಸ್ವಲ್ಪ ಇದಕ್ಕೆ ಹಾಕಿದ್ರೂ ಸಾಕು. ಅಲ್ಲೀವರೆಗೂ ನಾನಂತೂ ನನ್ನ ಹಳೇ ಬಿಎಸ್ 4 ಗಾಡಿಗೇ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸ್ಕೊಂಡು ಓಡಿಸ್ತೀನಿ.

– ಒಬ್ಬ ಲಾರಿ ಮಾಲೀಕ, ಹಾಸನ