ಚಾರ್ಟಿನಲ್ಲಿ ಇಲ್ಲದವರು: ಪುಟ್ಟಿಗೆ ಮಾವನ ಕಾಗದ

ಮುಲುಂಡ್, ಮುಂಬೈ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ವಂಶವೃಕ್ಷ ಬಂತು. ಮೊಬೈಲಿನಲ್ಲಿ ನೋಡಿ ತೃಪ್ತಿಯಾಗಲಿಲ್ಲ. ಕೆಳಗಿನ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಆಫೀಸು ಕೆಲಸದ ನಡುವೆ ಇಷ್ಟೆಲ್ಲ ಹುಡುಕಿದ್ದೀಯಲ್ಲ, ನನಗೆ ತುಂಬಾ ಖುಷಿಯಾಯಿತು. ಈ ಮನೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕಿದವರು ನನ್ನ ನಂತರ ನೀನೊಬ್ಬಳೇ.

ಆದರೆ ಒಂದು ಮಾತು. ನಿನ್ನ ಚಾರ್ಟಿನ ತುದಿಯಲ್ಲಿ ನಿನ್ನ ಅಪ್ಪನ ಅಜ್ಜ ಇದ್ದಾರೆ. ಅವರಿಂದ ಗಂಡುಮಕ್ಕಳು, ಮೊಮ್ಮಕ್ಕಳು ಅಂತ ಕೊಂಬೆಗಳು ಇಳಿದಿವೆ. ನಿನ್ನ ಅಮ್ಮನ ಹೆಸರು ಮಾತ್ರ ಪಕ್ಕದಲ್ಲಿ ನಿಂತಿದೆ, ಹಿಂದೆ ಅಮ್ಮಮ್ಮ, ಅವಳ ಅಣ್ಣ ಬಿಟ್ಟರೆ ಯಾರೂ ಇಲ್ಲ. ಆ ಆ್ಯಪ್ ಕೇಳುವುದೇ ಹಾಗೆ ಅಲ್ವಾ, ಮೊದಲು ಅಪ್ಪನ ಹೆಸರು, ಅಪ್ಪನ ಸರ್‌ನೇಮ್. ನಮ್ಮದು ಅಳಿಯಸಂತಾನದ ಮನೆ ಮಗಳೇ, ವಂಶ ಎಣಿಸುವುದು ಹೆಣ್ಣಿನ ಕಡೆಯಿಂದ. ನಿನ್ನ 'ಬಳಿ', ಅಂದರೆ ಕುಲ, ಬಂದದ್ದು ನಿನ್ನ ಅಮ್ಮನಿಂದ, ಅವಳಿಗೆ ಅವಳ ಅಮ್ಮನಿಂದ. ನಾನು ಈ ಮನೆಯ ಗಂಡಸು, ನನ್ನ ಮಕ್ಕಳು ನಮ್ಮ ಬಳಿಯವರಲ್ಲ, ನೀನು ನಮ್ಮ ಬಳಿಯವಳು. ಅಪ್ಪನ ಕಡೆಯದ್ದು ಬೇಡ ಅಂತ ಹೇಳುತ್ತಿಲ್ಲ, ಅದೂ ಇರಲಿ. ಆದರೆ ನಮ್ಮ ಕಡೆ ಹುಡುಕುವಾಗ ಹೆಂಗಸರ ಹೆಸರು ಹಿಡಿದುಕೊಂಡು ಹೋಗು. ದಾರಿ ಬೇಗ ಸಿಗುತ್ತದೆ.

ಅದಕ್ಕೆ ದಾಖಲೆಯೂ ಇದೆ. ಹಿಂದೆ ಅಳಿಯಸಂತಾನದ ಆಸ್ತಿಯನ್ನು ಎಲ್ಲರೂ ಒಪ್ಪದೆ ಪಾಲು ಮಾಡುವಂತಿರಲಿಲ್ಲ. 1949ರಲ್ಲಿ ಮದ್ರಾಸ್ ಸರ್ಕಾರ ಅಳಿಯಸಂತಾನ ಕಾಯ್ದೆ ತಂದ ಮೇಲೆ ಪಾಲು ಕೇಳುವ ಹಕ್ಕು ಬಂತು. ಆಮೇಲೆ ನಮ್ಮ ಕಡೆ ಮನೆಮನೆಯಲ್ಲಿ ವಿಭಾಗಪತ್ರಗಳಾದವು. ಆ ಪತ್ರಗಳಲ್ಲಿ ಪಾಲು ಹೋಗುವುದು ಕವರಿನ ಲೆಕ್ಕದಲ್ಲಿ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಸಂತತಿ, ಇಷ್ಟು ಸೇರಿ ಒಂದು ಕವರು. ನಮ್ಮ ಮನೆಯ ಪತ್ರದಲ್ಲಿ ಪ್ರತಿಯೊಬ್ಬರ ಮುಂದೆ 'ಇಂಥವಳ ಮಗಳು, ಪ್ರಾಯ ಇಷ್ಟು' ಅಂತ ಬರೆದಿದೆ, ಹೊಟ್ಟೆಯಲ್ಲಿದ್ದ ಮಗುವಿನ ಪ್ರಸ್ತಾಪವೂ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ತೆಗೆಸು. ಊರು, ಅಂದಾಜು ವರ್ಷ, ಯಜಮಾನನ ಹೆಸರು ಗೊತ್ತಿದ್ದರೆ ಇಂಡೆಕ್ಸಿನಲ್ಲಿ ಹುಡುಕಬಹುದು. ಒಂದು ದಿನದಲ್ಲಿ ಆಗುವ ಕೆಲಸ ಅಂತ ಮಾತ್ರ ಹೋಗಬೇಡ.

ಇನ್ನೊಂದು ಪುಸ್ತಕ ಇದೆ, ಅದು ಯಾವ ಕಚೇರಿಯಲ್ಲೂ ಇಲ್ಲ. ನಮ್ಮ ನಾಗಬನದ ವಂತಿಗೆ ಪುಸ್ತಕ. ನಾಗರ ಪಂಚಮಿಗೆ ತನು (ನಾಗನಿಗೆ ಹಾಲು, ಸೀಯಾಳ) ಎರೆಯಲು ಯಾರು ಯಾರು ಬರುತ್ತಾರೆ, ಯಾವ ಕವರಿನಿಂದ ಎಷ್ಟು ವಂತಿಗೆ ಬಂತು ಅಂತ ವರ್ಷವರ್ಷ ಬರೆದಿಟ್ಟಿದ್ದಾರೆ. ಘಟ್ಟದ ಮೇಲೆ ಹೋಗಿ ನೆಲೆ ನಿಂತವರು ಮೂಲ ನಾಗನನ್ನು ಹುಡುಕಿಕೊಂಡು ಎರಡು ತಲೆಮಾರಿನ ನಂತರ ಬಂದದ್ದೂ ಅದರಲ್ಲಿದೆ. ಅವರ ವಿಳಾಸವೂ ಇದೆ. ಮನೆಯ ಹಿರಿಯರನ್ನು ಕೇಳಿದರೆ ಕೊಡುತ್ತಾರೆ. ಕೈ ತೊಳೆದು ಮುಟ್ಟು, ಫೋಟೋ ತೆಗೆದುಕೋ, ಅಲ್ಲೇ ವಾಪಸ್ ಇಡು.

ಈಗ ನಿನ್ನ ಚಾರ್ಟಿನಲ್ಲಿರುವ ಒಂದು ಸಾಲಿನ ವಿಷಯಕ್ಕೆ ಬರುತ್ತೇನೆ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ನಿನ್ನ ಅಮ್ಮಮ್ಮನ ಅಣ್ಣನ ಹೆಸರಿನ ಮುಂದೆ 'ಮರಣ: 1944, ಬೊಂಬಾಯಿ' ಅಂತ ಹಾಕಿದ್ದೀಯ. ಎಲ್ಲಿಂದ ಸಿಕ್ಕಿತು ಅಂತ ನನಗೆ ಗೊತ್ತು. ಡಿಕ್ಲರೇಶನ್ ಫೈಲಿನಿಂದ. 1974ರ ಭೂಸುಧಾರಣೆ ಕಾನೂನು ಬಂದಾಗ ನಾವು ಗೇಣಿಗೆ ಮಾಡುತ್ತಿದ್ದ ಚಾಲಗೇಣಿ ಗದ್ದೆ ನಮ್ಮ ಹೆಸರಿಗೆ ಆಗಲಿ ಅಂತ ಫಾರಂ 7 ಡಿಕ್ಲರೇಶನ್ ಹಾಕಿದ್ದೆವು. 1976ರಲ್ಲಿ ಭೂನ್ಯಾಯ ಮಂಡಳಿಯ ಮುಂದೆ ನನ್ನ ಅಮ್ಮ ಹೇಳಿಕೆ ಕೊಟ್ಟಳು. ನಾನು ರಜೆ ಹಾಕಿ ಊರಿಗೆ ಹೋಗಿ ಅವಳ ಪಕ್ಕದಲ್ಲೇ ನಿಂತಿದ್ದೆ. 'ನನ್ನ ಅಣ್ಣ ಬೊಂಬಾಯಿಯ ಬೆಂಕಿಯಲ್ಲಿ ತೀರಿಕೊಂಡಿದ್ದಾನೆ' ಅಂತ ಅವಳು ಹೇಳಿದಳು. ಗುಮಾಸ್ತರು ಬರೆದುಕೊಂಡರು, ಕೆಳಗೆ ಸಹಿ ಬಿತ್ತು, ಸೀಲು ಬಿತ್ತು. ಆದರೂ ಅದು ನಿಜವಲ್ಲ. ಅಮ್ಮ ಸುಳ್ಳು ಹೇಳಲಿಲ್ಲ. ಅವಳು ನಂಬಿದ್ದನ್ನು ಹೇಳಿದಳು.

ಅಮ್ಮನ ಆ ಅಣ್ಣ, ಅಂದರೆ ನನ್ನ ಮಾವ, ಓಡಿಹೋದದ್ದು 1937ರಲ್ಲಿ, ಹದಿಮೂರನೇ ಪ್ರಾಯಕ್ಕೆ. ಮನೆಯ ಯಜಮಾನ, ಅಂದರೆ ಅವನ ಸೋದರಮಾವ, ದನ ಬೇರೆಯವರ ಗದ್ದೆಗೆ ನುಗ್ಗಿತು ಅಂತ ಹೊಡೆದಿದ್ದರಂತೆ. ಗಂಗೊಳ್ಳಿ ಬಂದರಿನಿಂದ ಮಂಜಿ (ಸರಕಿನ ಹಾಯಿಹಡಗು) ಹತ್ತಿ ಹೋದ ಅಂತ ಊರಲ್ಲಿ ಹೇಳುತ್ತಿದ್ದರು. ಬೊಂಬಾಯಿಯ ಕೋಟೆ (ಫೋರ್ಟ್) ಕಡೆಯ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಎರಡು ವರ್ಷದ ನಂತರ ಮನಿಯಾರ್ಡರ್ ಬರಲು ಶುರುವಾಯಿತು. ಐದು ರೂಪಾಯಿ, ಆರು ರೂಪಾಯಿ. 1944ರಲ್ಲಿ ನಿಂತುಹೋಯಿತು.

ಆ ವರ್ಷ ಏಪ್ರಿಲ್ 14ರ ಮಧ್ಯಾಹ್ನ ನಾಲ್ಕು ಗಂಟೆ ಹೊತ್ತಿಗೆ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿಯಿತು. ಒಂದೇ ಹಡಗಿನಲ್ಲಿ ಮದ್ದುಗುಂಡು, ಹತ್ತಿ, ಬಂಗಾರದ ಗಟ್ಟಿ ಎಲ್ಲಾ ತುಂಬಿದ್ದರು. ಅರ್ಧ ಗಂಟೆಯೊಳಗೆ ಎರಡು ಸಲ ಸಿಡಿದು, ಸುತ್ತಲಿನ ಕೇರಿಗಳಿಗೆಲ್ಲ ಬೆಂಕಿ ಬಿತ್ತು. ನೂರಾರು ಜನ ಸತ್ತರು. ಯುದ್ಧದ ಕಾಲ, ಸುದ್ದಿಗೆಲ್ಲ ಸೆನ್ಸಾರ್. ಊರಿಗೆ ಬಂದದ್ದು ಬಾಯಿಂದ ಬಾಯಿಗೆ ಹಬ್ಬಿದ ಮಾತು ಮಾತ್ರ. ದುಡ್ಡೂ ಬರಲಿಲ್ಲ, ಕಾಗದವೂ ಬರಲಿಲ್ಲ. ಮನೆಯವರು ಎರಡನ್ನೂ ಸೇರಿಸಿ ನೋಡಿದರು. ಮರುವರ್ಷ ಅವನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದರು.

ನಾನು 1970ರಲ್ಲಿ ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದೆ. ಅವನು ರಾತ್ರಿಶಾಲೆಗೆ ಹೋಗುತ್ತಿದ್ದ ಅನ್ನುವುದು ಒಂದು ಕೂಪನ್ನಿನಲ್ಲಿತ್ತು, ಅಂದರೆ ಮನಿಯಾರ್ಡರಿನ ಜೊತೆ ನಾಲ್ಕು ಮಾತು ಬರೆದು ಕಳಿಸುವ ಚೀಟಿಯಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ನಮ್ಮೂರ ಹುಡುಗರಿಗಾಗಿ ಆಗ ಕೋಟೆ ಭಾಗದಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು. ಶನಿವಾರ ಬ್ಯಾಂಕ್ ಮುಗಿಸಿ ಒಂದೊಂದೇ ಶಾಲೆಗೆ ಹೋಗುತ್ತಿದ್ದೆ. 1978ರಲ್ಲಿ ಒಂದು ಕಡೆ ಹಳೇ ದಾಖಲಾತಿ ರಿಜಿಸ್ಟರ್ ಕೊಟ್ಟರು. ಹಾಳೆ ಅಂಚೆಲ್ಲ ಕಂದಿ ಮುರಿಯುತ್ತಿತ್ತು. ಅವನ ಹೆಸರಿನವರು ಅದರಲ್ಲಿ ಹನ್ನೊಂದು ಮಂದಿ! ನಮ್ಮ ಕಡೆ ಅಜ್ಜಂದಿರ ಹೆಸರೇ ಮೊಮ್ಮಕ್ಕಳಿಗೆ ಬರುತ್ತದಲ್ಲ. ಅದರಲ್ಲಿ ಒಂದು ಸಾಲಿನಲ್ಲಿ 'ತಂದೆಯ ಹೆಸರು' ಅನ್ನುವ ಕಾಲಂನಲ್ಲಿ ಒಬ್ಬ ಹೆಂಗಸಿನ ಹೆಸರು ಬರೆದಿತ್ತು. ಗುಮಾಸ್ತರು ಅದರ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದರು. ಅದು ನನ್ನ ಅಜ್ಜಿಯ ಹೆಸರು. ಯಾರ ಮಗ ಅಂತ ಕೇಳಿದ್ದಾರೆ, ಹುಡುಗ ತಾಯಿಯ ಹೆಸರು ಹೇಳಿದ್ದಾನೆ. ಅಪ್ಪನ ಹೆಸರೇ ಹಿಡಿದು ಹುಡುಕಿದ್ದರೆ ಆ ಸಾಲನ್ನು ದಾಟಿಕೊಂಡು ಹೋಗುತ್ತಿದ್ದೆ.

ಸೇರಿದ ದಿನ 12-6-1944. ಬೆಂಕಿ ಬಿದ್ದ ಎರಡು ತಿಂಗಳ ನಂತರ.

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆ ಸಾಲನ್ನು ಕಾಗದದ ಮೇಲೆ ಬರೆದುಕೊಂಡೆ. ಆದರೆ ಅಮ್ಮನಿಗೆ ಬರೆಯಲಿಲ್ಲ ಪುಟ್ಟಿ. ಇಷ್ಟೇ ಹೇಳಿದರೆ 'ಹಾಗಾದರೆ ಎಲ್ಲಿದ್ದಾನೆ' ಅಂತ ಕೇಳುತ್ತಾಳೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಪೂರ್ತಿ ಗೊತ್ತಾಗಲಿ, ಆಮೇಲೆ ಊರಿಗೆ ಹೋಗಿ ಎದುರು ಕೂತು ಹೇಳೋಣ ಅಂದುಕೊಂಡೆ. ಮಾಟುಂಗಾದಲ್ಲಿ ಒಬ್ಬ ಹಳೇ ಅಡುಗೆಯವರು ಸಿಕ್ಕಿದರು. ಅವನು ಯಾರದೋ ಕ್ಯಾಂಟೀನ್ ಕೆಲಸಕ್ಕೆ ಅಹಮದಾಬಾದ್ ಕಡೆ ಹೋದ ಅಂದರು. ಅದನ್ನು ಹಿಡಿದು ಹೋಗಬೇಕು ಅನ್ನುವಷ್ಟರಲ್ಲಿ 1979ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಮ್ಮ ತೀರಿಕೊಂಡಳು. ಅಣ್ಣ ಬೆಂಕಿಯಲ್ಲಿ ಬೆಂದುಹೋದ ಅಂತಲೇ ಮೂವತ್ತೈದು ವರ್ಷ ನಂಬಿ ಹೋದಳು. ಅವಳ ನೋವನ್ನು ಇಳಿಸುವ ಒಂದು ಸಾಲು ನನ್ನ ಡೈರಿಯಲ್ಲಿ ಹತ್ತು ತಿಂಗಳಿನಿಂದ ಇತ್ತು.

ಆದ್ದರಿಂದ ನಾನು ನಿನಗೆ ಹೇಳುವುದು ಇದೊಂದೇ. ಅರ್ಧ ಸಿಕ್ಕರೆ ಅರ್ಧವನ್ನೇ ಹೇಳು. 'ಇದು ಇಷ್ಟು ಗೊತ್ತಾಗಿದೆ, ಮುಂದಿನದು ಗೊತ್ತಿಲ್ಲ' ಅಂತ ಬಿಡಿಸಿ ಹೇಳು. ಕಾದಿರುವವರಿಗೆ ಅದೂ ದೊಡ್ಡದು.

ಕಚೇರಿಯ ಫೈಲು ಇನ್ನು ಹತ್ತು ವರ್ಷ ಅಲ್ಲೇ ಇದ್ದೀತು. ನೀನು ಮೊದಲು ಪ್ರಾಯದವರ ಹತ್ತಿರ ಹೋಗು. ಅವರ ಮುಂದೆ ಪ್ರಶ್ನೆಗಳ ಪಟ್ಟಿ ತೆಗೆಯಬೇಡ. ಸುಮ್ನೆ ಒಂದು ಹಳೇ ಫೋಟೋ, ಒಂದು ಪಾತ್ರೆ, ಒಂದು ಕಾಗದ ಅವರ ಕೈಗೆ ಕೊಡು. ಇಸವಿ ಕೇಳಬೇಡ. 'ಆಗ ಮನೆಯಲ್ಲಿ ಯಾರ ಬಾಣಂತನ ಆಗುತ್ತಿತ್ತು' ಅಂತ ಕೇಳಿದರೆ ವರ್ಷ ತಾನಾಗಿ ಸಿಗುತ್ತದೆ. ಶಾಲೆಯ ಟಿ.ಸಿ.ಯಲ್ಲಿ ಜೂನ್ 1 ಅಂತ ಹುಟ್ಟಿದ ದಿನ ಕಂಡರೆ ನಂಬಬೇಡ, ಅದು ಸೇರಿಸಿಕೊಂಡ ಮೇಷ್ಟ್ರ ಲೆಕ್ಕ. ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡು. ಅವರು ಹೇಳಿದ ಹಾಗೆಯೇ ಬರೆದುಕೋ, ನಿನಗೆ ತಪ್ಪು ಅನ್ನಿಸಿದರೂ ಅಲ್ಲಿ ತಿದ್ದಬೇಡ. ಯಾರು ಹೇಳಿದರು, ಯಾವ ದಿನ ಹೇಳಿದರು ಅಂತ ಪಕ್ಕದಲ್ಲಿ ಹಾಕು. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರ್ ಇದನ್ನೆಲ್ಲ ಚಾರ್ಟಿನಲ್ಲಿ ಹಾಕಿ ಫ್ಯಾಮಿಲಿ ಗ್ರೂಪಿಗೆ ಬಿಡಬೇಡ, ಅದು ಎಲ್ಲೆಲ್ಲೋ ಹೋಗುತ್ತದೆ. ಮತ್ತೆ, ಕೆಲವು ವಿಷಯ ಬಂದಾಗ ಕೆಲವರು ಮಾತು ನಿಲ್ಲಿಸುತ್ತಾರೆ. ಆಗ ಚಹಾ ಕುಡಿದು ಎದ್ದು ಬಾ. ಇನ್ನೊಮ್ಮೆ ಹೋದರಾಯಿತು.

ಈಗ ಉಳಿದದ್ದು ನಮ್ಮ ಚಿಕ್ಕಮ್ಮ, ನಿನ್ನ ಸಣ್ಣ ಅಮ್ಮಮ್ಮ. ಗಾಂಧಿ ಕುಂದಾಪುರಕ್ಕೆ ಬಂದ ವರ್ಷ ಹುಟ್ಟಿದವಳು. ಅಂದರೆ 1934. ಮನಿಯಾರ್ಡರ್ ನಿಂತಾಗ ಅವಳಿಗೆ ಹತ್ತು ವರ್ಷ. ಹೋದ ವರ್ಷ ನಾಗರ ಪಂಚಮಿಗೆ ನಾನು ಊರಿಗೆ ಹೋಗಿದ್ದಾಗ, ಎಲ್ಲರೂ ಬನಕ್ಕೆ ಹೋದ ಹೊತ್ತಿನಲ್ಲಿ, ಜಗಲಿಯಲ್ಲಿ ಕೂತವಳು ಇದ್ದಕ್ಕಿದ್ದ ಹಾಗೆ ಹೇಳಿದಳು: 'ಅಂಚೆಯವ ಬಂದಿದ್ದ ಕಾಣು. ದುಡ್ಡು ಬೇಡ ಅಂತ ವಾಪಸ್ ಕಳಿಸಿದರು.' ನನಗೆ ಎದೆ ಧಸಕ್ಕೆಂದಿತು. ಯಾರು ಕಳಿಸಿದರು ಅಂತ ಕೇಳುವಷ್ಟರಲ್ಲಿ ಜನ ಬಂದರು, ಅವಳು ಸುಮ್ಮನಾದಳು. ಮಾರನೇ ದಿನ ಕೇಳಿದರೆ 'ನಾನು ಎಂತದೂ ಹೇಳಲಿಲ್ಲ' ಅಂದಳು. ಈಗ ನಾನು ಈ ಮನೆಯ ಯಜಮಾನ. ಹಿಂದಿನ ಯಜಮಾನರ ಮೇಲಿನ ಮಾತನ್ನು ಅವಳು ನನ್ನ ಎದುರು ಆಡುವುದಿಲ್ಲ. ನಿನ್ನ ಹತ್ತಿರ ಆಡಿಯಾಳು. ನೀನು ಹೋದಾಗಲೆಲ್ಲ ತಲೆ ಬಾಚಿಕೊಡುತ್ತಾಳಲ್ಲ, ಆ ಹೊತ್ತಿನಲ್ಲಿ ಕೂತುಕೋ.

ಕೈಯಲ್ಲಿ ಏನು ಕೊಡಬೇಕು ಅಂತ ಹೇಳುತ್ತೇನೆ. ಅಮ್ಮ ಹೋದ ಮೇಲೆ ಅವಳ ತಗಡಿನ ಡಬ್ಬಿ ನನಗೆ ಬಂದಿತ್ತು. ಕೂಪನ್ನುಗಳೆಲ್ಲ ಅದರಲ್ಲೇ ಇದ್ದವು. ಕೆಳಗಿನ ಎರಡು ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು, ಹರಿದೀತು ಅಂತ ನಾನು ಮುಟ್ಟಿರಲಿಲ್ಲ. ನಿನ್ನ ಚಾರ್ಟ್ ಬಂದ ಮೇಲೆ ತೆಗೆದೆ. ನಿನ್ನ ಅತ್ತೆ ಬ್ಲೇಡಿನ ತುದಿಯಿಂದ ಒಂದು ಗಂಟೆ ಕೂತು ಬಿಡಿಸಿದಳು. ಒಳಗಿನದು 1944ರ ಜನವರಿಯದ್ದು. ಕಾಲ್ಬಾದೇವಿ ಅಂಚೆ ಮುದ್ರೆ. ಹತ್ತು ರೂಪಾಯಿ, ಅಲ್ಲಿಯವರೆಗೆ ಅವನು ಕಳಿಸಿದ್ದರಲ್ಲಿ ಅದೇ ಜಾಸ್ತಿ. ಪೆನ್ಸಿಲಿನಲ್ಲಿ ಎರಡು ಸಾಲು ಇದೆ. 'ಅಮ್ಮನಿಗೆ ಸೀರೆಗೆ. ಸಣ್ಣವಳನ್ನು ಶಾಲೆ ಬಿಡಿಸಬೇಡಿ, ಖರ್ಚು ನಾನು ಕೊಡುತ್ತೇನೆ.'

ಬಿಡಿಸಿದರು. ಚಿಕ್ಕಮ್ಮನಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ತನಗಾಗಿ ಅಣ್ಣ ಹೀಗೆ ಬರೆದಿದ್ದ ಅಂತ ಅವಳಿಗೆ ಗೊತ್ತಿದ್ದ ಹಾಗಿಲ್ಲ.

ಕೂಪನ್ನನ್ನು ಎರಡು ರಟ್ಟಿನ ನಡುವೆ ಇಟ್ಟು ಈ ಕಾಗದದ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಒಂದು ಶನಿವಾರ ಊರಿಗೆ ಹೋಗಿ ಬಾ. ಅವಳಿಗೆ ಕಿವಿ ಸ್ವಲ್ಪ ಮಂದ, ಬಲಗಡೆ ಕೂತು ನಿಧಾನವಾಗಿ ಓದಿ ಹೇಳು.

ನಿನ್ನ ಮಾವ